ಎದುರು ತಾರಸಿಯ ಫ್ಯಾನು

ಮಾರ್ಚ್ ೪, ಮಂಗಳವಾರ

ಮೇಜಿನ ಮೇಲಿಟ್ಟ ಲೋಟದ ನೀರು ಬೆಳಗಿನಿಂದ ನಡುಗುತ್ತಿದೆ. ಮನೆಯಲ್ಲಿ ಯಾರೂ ಓಡಾಡುತ್ತಿಲ್ಲ. ಇವರು ಪೇಪರು ಹಿಡಿದು ಕೂತಿದ್ದಾರೆ, ನಾನು ಮೇಜನ್ನು ಮುಟ್ಟಿಯೂ ಇಲ್ಲ. ನಡುಗಿಸುತ್ತಿರುವುದು ಎದುರು ಆಸ್ಪತ್ರೆಯ ತಾರಸಿಯ ಮೇಲಿನ ಫ್ಯಾನು. ಫ್ಯಾನೆಂದರೆ ಕೋಣೆಯ ಸೂರಿಗೆ ತೂಗುಹಾಕುವಂಥದ್ದಲ್ಲ. ಬಾವಿಯಷ್ಟು ಅಗಲದ ಬಳೆಯೊಳಗೆ ಅಂಗಾತ ಮಲಗಿ ತಿರುಗುವ, ಒಂದೊಂದು ರೆಕ್ಕೆಯೂ ಆಳೆತ್ತರಕ್ಕಿಂತ ಉದ್ದವಿರುವ ರಾಕ್ಷಸ. ಇಡೀ ಆಸ್ಪತ್ರೆಗೆ ತಂಪು ಗಾಳಿ ಕೊಡುವ ಯಂತ್ರಗಳ ಬಿಸಿನೀರು ಆರುವುದು ಅದರ ಕೆಳಗೆ. ಇಂಥವು ಎರಡಿದ್ದವು. ಒಂದನ್ನು ರಿಪೇರಿಗೆಂದು ಬಿಚ್ಚಿ, ಚಳಿಗಾಲದಿಂದ ಟಾರ್ಪಾಲು ಹೊದಿಸಿ ಮಲಗಿಸಿದ್ದಾರೆ. ಈಗ ಭಾರವೆಲ್ಲ ಇದೊಂದರ ಮೇಲೆ.

ಬೇಸಿಗೆ ಶುರುವಾದಾಗಿನಿಂದ ಇದು ಮೂರನೆಯ ಸಲ. ಪ್ರತಿ ಸಲವೂ ಅದೇ ನಾಟಕ. ನಾನು ದೂರು ಕೊಡುತ್ತೇನೆ. ಒಬ್ಬ ಮೆಕ್ಯಾನಿಕ್ ಮೇಲೆ ಹತ್ತಿ, ರೆಕ್ಕೆಗೆ ತೂಕದ ಬಿಲ್ಲೆ ಕಟ್ಟಿ, ಸಮತೂಕ ಮಾಡಿ ಇಳಿಯುತ್ತಾನೆ. ನಡುಕ ನಿಲ್ಲುತ್ತದೆ. ಕೆಲವೇ ದಿನಗಳಲ್ಲಿ ನನ್ನ ಲೋಟ ಮತ್ತೆ ಹೇಳುತ್ತದೆ, ನಿಂತಿಲ್ಲ ಅಂತ. ಆಸ್ಪತ್ರೆಯ ಕಟ್ಟಡ, ಯಂತ್ರ ಎಲ್ಲ ನೋಡಿಕೊಳ್ಳುವ ಮ್ಯಾನೇಜರಿಗೆ ಬರುವುದು ಒಂದೇ ಮಾತು: "ನೋಡೋಣ ಮೇಡಂ." ನಾನು ಅವನಿಗೆ ನೋಡೋಣಪ್ಪ ಎಂದೇ ಹೆಸರಿಟ್ಟಿದ್ದೇನೆ. ಅವನ ಆಫೀಸಿನವರು ನನಗೆ ಅರ್ಜಿಯಮ್ಮ ಎಂದು ಹೆಸರಿಟ್ಟಿರುವುದೂ ಗೊತ್ತು. ಇರಲಿ, ಸುಳ್ಳೇನಲ್ಲವಲ್ಲ.

ಈಜುಕೊಳದ ಹಾರುಹಲಗೆ ಮುರಿದ ವರ್ಷ ನಾನಿನ್ನೂ ಗ್ರಂಥಾಲಯದಲ್ಲಿ ಕೆಲಸದಲ್ಲಿದ್ದೆ. ಹಲಗೆ ಕಿರುಗುಟ್ಟುತ್ತಿದೆ ಎಂದು ಪತ್ರಿಕೆಗೆ ಬರೆದಿದ್ದೆ. ಆಗಿನ ಅಧಿಕಾರಿಯೂ ನೋಡೋಣ ಎಂದಿದ್ದ. ಒಬ್ಬಳ ಬೆನ್ನು ಮುರಿದ ಮೇಲೆ ಎಲ್ಲರೂ "ಯಾರಿಗೆ ಗೊತ್ತಿತ್ತು" ಎಂದರು. ನನಗೆ ಗೊತ್ತಿತ್ತು. ಮಾರುಕಟ್ಟೆಯ ಕಬ್ಬಿಣದ ಮೆಟ್ಟಿಲಿನ ಕತೆಯೂ ಅಷ್ಟೇ. ಅದೂ ನನಗೆ ಗೊತ್ತಿತ್ತು. ಬೇರೆಯವರು ಮರೆತು ಸುಖವಾಗಿರುತ್ತಾರೆ, ನನ್ನ ಗ್ರಹಚಾರ, ನನಗೆ ಎಲ್ಲವೂ ನೆನಪಿರುತ್ತದೆ.

"ಲೋಟಾನ ಆ ಮೇಜಿಂದ ತೆಗೆದು ಈ ಸ್ಟೂಲ್ ಮೇಲಿಟ್ರೆ ಮುಗೀತಲ್ಲ ಕಣೇ," ಎಂದರು ಇವರು. ಜನ್ಮವಿಡೀ ಹೊಲಿಗೆ ಯಂತ್ರದ ಮುಂದೆ ಕೂತು ಬಟ್ಟೆ ಹೊಲಿದವರು. ನಡುಕವೆಂದರೆ ಇವರಿಗೆ ಜೋಗುಳ.

ಮಾರ್ಚ್ ೬, ಗುರುವಾರ

ತಂಗಿಯ ಮಗಳು ಬಂದಿದ್ದಾಳೆ. ಯಂತ್ರಗಳ ನಡುಕವನ್ನು ಅಳೆದು ರೋಗ ಹೇಳುವ ಕಂಪನಿಯಲ್ಲಿ ಇಂಜಿನಿಯರು. ನನ್ನ ದೂರುಗಳ ಕಾಟ ತಡೆಯಲಾರದೆ ಆಸ್ಪತ್ರೆಯವರು ಕೊನೆಗೂ ಕರೆಸಿದ್ದು ಅವಳ ಕಂಪನಿಯನ್ನೇ. ಬಾಗಿಲಲ್ಲೇ ಹೇಳಿದಳು, "ದೊಡ್ಡಮ್ಮ, ಮೊದಲೇ ಹೇಳ್ತೀನಿ, ಅಲ್ಲಿ ನಾನು ನಿಮ್ಮ ತಂಗಿ ಮಗಳು ಅಂತ ಯಾರಿಗೂ ಹೇಳಬೇಡಿ. ಗೇಟಲ್ಲೇ ತಡೀತಾರೆ."

ಹಗಲೆಲ್ಲ ತಾರಸಿಯ ಮೇಲಿದ್ದು ಬಂದವಳನ್ನು ಊಟಕ್ಕಿಂತ ಮೊದಲು ನಾನು ಕೇಳಿದ್ದು, ರೋಗ ಏನು ಎಂದು. ಇವರ ಹಳೆಯ ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಅಂಚಿನಲ್ಲಿ ಒತ್ತಿ ಹಿಡಿದು, ಹೊರಚಾಚಿದ ತುದಿಯನ್ನು ಮೀಟಿದಳು. ಟ್ರ್ರ್ ಎಂದಿತು. ಆಮೇಲೆ ಬ್ಲೇಡಿನಿಂದ ಅದರ ಬುಡದಲ್ಲಿ ಅರ್ಧ ದಪ್ಪಕ್ಕೆ ಗೀರಿ ಮತ್ತೆ ಮೀಟಿದಳು. ಈಗ ದನಿ ದಪ್ಪವಾಯಿತು, ತುದಿ ಆಲಸಿಯಂತೆ ತೊನೆಯಿತು.

"ಅಯ್ಯೋ, ನನ್ನ ಸ್ಕೇಲು!" ಎಂದರು ಇವರು.

"ಹೊಸದು ಕೊಡಿಸ್ತೀನಿ ದೊಡ್ಡಪ್ಪ. ನೋಡಿ, ಕೆಳಗೆ ಬಗ್ಗಿಸಿದ್ರೆ ಗೀರು ಬಾಯಿ ತೆರೆಯುತ್ತೆ, ಸ್ಕೇಲು ಮೆತ್ತಗಾಗುತ್ತೆ. ಮೇಲೆ ಬಗ್ಗಿಸಿದ್ರೆ ಬಾಯಿ ಮುಚ್ಚುತ್ತೆ, ಏನೂ ಆಗಿಲ್ಲದ ಸ್ಕೇಲಿನ ಹಾಗೇ ಗಟ್ಟಿ. ಒಂದೊಂದು ಸಲ ಬಾಗಿದಾಗಲೂ ತೆರೆದು ಮುಚ್ಚಿ, ತೆರೆದು ಮುಚ್ಚಿ, ಬಿರುಕು ಬೆಳೀತಾ ಹೋಗುತ್ತೆ. ಆ ಫ್ಯಾನಿನ ಏಳು ರೆಕ್ಕೆಯಲ್ಲಿ ಒಂದಕ್ಕೆ ಹೀಗೆ ಆಗಿದೆ ಅಂತ ನನ್ನ ಅನುಮಾನ."

"ಮತ್ತೆ ಆ ಬಿಲ್ಲೆ ಕಟ್ತಾರಲ್ಲ?"

"ಅದೇ ತಪ್ಪು. ಮೆತ್ತಗಾದ ರೆಕ್ಕೆ ಸ್ವಲ್ಪ ಜಗ್ಗುತ್ತೆ, ಸಮತೂಕ ತಪ್ಪುತ್ತೆ. ಇವರು ಬಿಲ್ಲೆ ಕಟ್ಟಿ ಸರಿ ಮಾಡ್ತಾರೆ. ಬಿರುಕು ಇನ್ನಷ್ಟು ಬೆಳೆಯುತ್ತೆ, ಮತ್ತೆ ತಪ್ಪುತ್ತೆ, ಮತ್ತೆ ಬಿಲ್ಲೆ. ಒಂದು ಸಲ ಸರಿಯಾಗಿ ತೂಗಿದ್ದು ಯಾಕೆ ಪದೇ ಪದೇ ತಪ್ಪುತ್ತೆ ಅಂತ ಒಬ್ಬರೂ ಕೇಳಿಲ್ಲ."

ಮೈ ಉರಿಯಿತು. ಹೊಟ್ಟೆಯ ಒಂದು ಮೂಲೆಯಲ್ಲಿ ಸ್ವಲ್ಪ ತಂಪೂ ಆಯಿತು, ಸುಳ್ಳೇಕೆ ಹೇಳಲಿ. ನಾನು ಹೇಳಿದ್ದು ಸರಿಯಾಗಿತ್ತು.

ಮಾರ್ಚ್ ೮, ಶನಿವಾರ

ನಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಆ ಗತ್ತಿನಲ್ಲೇ ನೋಡೋಣಪ್ಪನ ಆಫೀಸಿಗೆ ಹೋದೆ. ತಂಗಿಯ ಮಗಳು ಆಗಲೇ ಅಲ್ಲಿ ಕೂತಿದ್ದಳು. ಇಬ್ಬರೂ ಅಪರಿಚಿತರಂತೆ ನಮಸ್ಕಾರ ಮಾಡಿದೆವು.

ಅವಳಿಗೆ ಬೇಕಾದದ್ದು ಇಷ್ಟೇ. ಒಂದು ಬೆಳಿಗ್ಗೆ ಫ್ಯಾನು ನಿಲ್ಲಿಸಬೇಕು, ನಿಂತ ರೆಕ್ಕೆಗಳನ್ನು ಒಂದೊಂದಾಗಿ ರಬ್ಬರ್ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಆರು ಒಂದೇ ದನಿಯಲ್ಲಿ ಮಾತಾಡಿ ಏಳನೆಯದು ಬೇರೆ ದನಿ ತೆಗೆದರೆ ಕಳ್ಳ ಸಿಕ್ಕಂತೆ.

"ನಿಲ್ಲಿಸಿದ್ರೆ ಆಪರೇಷನ್ ಥಿಯೇಟರು ಒಲೆ ಆಗುತ್ತೆ ಮೇಡಂ. ಡಾಕ್ಟರ ಬೆವರು ರೋಗಿ ಹೊಟ್ಟೆಗೆ ಬೀಳುತ್ತೆ," ಎಂದ ನೋಡೋಣಪ್ಪ. "ಒಂದು ಬೆಳಿಗ್ಗೆ ಅಂತೀರಿ. ಬಿರುಕು ಕಂಡ್ರೆ ಮತ್ತೆ ಓಡಿಸೋಕೆ ಬಿಡ್ತೀರಾ ನೀವು?"

"ಬಿಡಲ್ಲ," ಎಂದಳು ಇವಳು.

"ಅದೇ ನಾನು ಹೇಳಿದ್ದು. ಹೊಸ ರೆಕ್ಕೆ ಬರೋಕೆ ವಾರಗಟ್ಟಲೆ ಬೇಕು. ಅಷ್ಟು ದಿನ ಕಾಯ್ತಾ ಮಲಗಿರೋರಿಗೆ ಯಾರು ಹೇಳೋದು? ನೀವು ಹೇಳ್ತೀರಾ ಮೇಡಂ?" ಎಂದು ನನ್ನ ಕಡೆ ತಿರುಗಿದ.

"ಕೆಳಗೆ ಔಷಧಿ ಅಂಗಡಿ ಕಿಟಕಿಗೆ ಸಾಲು ನಿಂತಿರೋರ ತಲೆ ಮೇಲೆ ರೆಕ್ಕೆ ಬಿದ್ರೆ, ಅವರ ಮನೆಯವರಿಗೆ ಯಾರು ಹೇಳೋದು? ನೀವು ಹೇಳ್ತೀರಾ?" ಎಂದೆ.

ಕನ್ನಡಕ ತೆಗೆದು ಒರೆಸಿಕೊಂಡ. "ನಿನ್ನೆ ತಾನೇ ಬಿಲ್ಲೆ ಕಟ್ಟಿಸಿದೀನಿ. ನಡುಕ ಅಳೆಯೋ ಮೀಟರು ಇಳಿದಿದೆ. ನೋಡೋಣ."

ನೋಡೋಣ! ಇಂಥವರ ಬಾಯಲ್ಲಿ ಆ ಪದ ಬಂದಾಗಲೆಲ್ಲ ಊರಿನಲ್ಲಿ ಯಾರದೋ ಮೂಳೆ ಮುರಿಯುತ್ತದೆ. ಸಂಘದ ಎಲ್ಲರ ಸಹಿ ಹಾಕಿಸಿ ಮೇಲಿನವರಿಗೆ ಕಳಿಸುತ್ತೇನೆ. ಈ ಸಲ ಬಿಡುವವಳಲ್ಲ.

ಮಾರ್ಚ್ ೧೧, ಮಂಗಳವಾರ

ಬಟ್ಟೆ ಮಡಿಸುವಾಗ ಇವರ ಪ್ಯಾಂಟಿನ ಸೊಂಟ ನೋಡಿದೆ. ಒಳಗಡೆ ಮೂರು ಸಾಲು ಹೊಲಿಗೆ. ನನಗೆ ತಿಳಿಯದಂತೆ ಒಂದಾದ ಮೇಲೊಂದು ಸಲ ಸೊಂಟ ಬಿಗಿ ಮಾಡಿಕೊಂಡು ತೊಟ್ಟಿದ್ದಾರೆ. ಎಲ್ಲ ಪ್ಯಾಂಟುಗಳಿಗೂ ಹಾಗೆಯೇ.

ಕೇಳಿದೆ. ಮೊದಲು ನಕ್ಕರು. ಆಮೇಲೆ ಹೇಳಿದರು, ಮಲದಲ್ಲಿ ರಕ್ತ ಹೋಗುತ್ತಿದೆ ಎಂದು. ಬಹಳ ದಿನದಿಂದ.

ಮಾರ್ಚ್ ೧೩, ಗುರುವಾರ

ಕರುಳಿನಲ್ಲಿ ಗಡ್ಡೆ. ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿದೆಯಂತೆ. ಪೂರ್ತಿ ಮುಚ್ಚುವುದರೊಳಗೆ ತೆಗೆಯಬೇಕು. ಎದುರು ಆಸ್ಪತ್ರೆಯಲ್ಲೇ. ಇಂಥ ಆಪರೇಷನ್ ಮಾಡುವ ಸರ್ಜನ್ನರು ಹೊರಗಿನಿಂದ ಬರುವವರು. ಮುಂದಿನ ಶುಕ್ರವಾರ, ಇಪ್ಪತ್ತೊಂದಕ್ಕೆ, ಬೆಳಗಿನ ಮೊದಲ ಸರದಿ ಇವರದು ಎಂದು ಹೇಳಿದರು. ಅದು ತಪ್ಪಿದರೆ ಅವರು ಮತ್ತೆ ಈ ಕಡೆ ಬರುವುದು ಒಂದು ತಿಂಗಳ ಮೇಲೆ.

"ತಿಂಗಳು ಕಾಯಬಹುದಾ?" ಎಂದು ಕೇಳಿದೆ.

"ಕಾಯೋ ಮಾತೇ ಬೇಡಮ್ಮ. ಶುಕ್ರವಾರ ಮಾಡಿಬಿಡೋಣ," ಎಂದರು ಸರ್ಜನ್ನರು. ಸಮಾಧಾನದ ಮನುಷ್ಯ. ಮಾತಾಡುವಾಗ ಗಡಿಯಾರ ನೋಡಲಿಲ್ಲ.

ಹೊರಗೆ ಬಂದಾಗ ಇವರು ನನ್ನ ಬೆನ್ನ ಮೇಲೆ ಕೈಯಿಟ್ಟು, "ಸೊಂಟ ಬಿಚ್ಚಿ ಹೊಲಿಯೋ ಕೆಲಸ ಬಂತು ನೋಡು. ಆಮೇಲೆ ದಪ್ಪ ಆಗ್ತೀನಲ್ಲ," ಎಂದರು. ನಾನು ಮುಖ ತಿರುಗಿಸಿಕೊಂಡು ನಡೆದೆ.

ಮಾರ್ಚ್ ೧೪, ಶುಕ್ರವಾರ

ಲೋಟ ಮತ್ತೆ ನಡುಗುತ್ತಿದೆ. ಸ್ಟೂಲಿನ ಮೇಲೆ ಎತ್ತಿಟ್ಟೆ.

ತಂಗಿಯ ಮಗಳು ಬೇಗ ಬಂದಳು. "ದೊಡ್ಡಮ್ಮ, ಮೀಟರು ಹೋದ ಸಲಕ್ಕಿಂತ ಬೇಗ ಏರ್ತಾ ಇದೆ. ನಾನು ನಿಲ್ಲಿಸಿ ಅಂತ ಬರೆದುಕೊಡ್ತೀನಿ. ಆದ್ರೆ ಕಂಪನಿ ಮಾತು ಒಂದನ್ನೇ ಅವರು ಕೇಳಲ್ಲ. ನಿಮ್ಮ ಸಂಘದ ಸಹಿ ಆಯ್ತಾ? ಎರಡೂ ಒಟ್ಟಿಗೆ ಹೋದ್ರೆ ನಾಳೆನೇ ನಿಲ್ಲಿಸಬೇಕಾಗುತ್ತೆ."

ಸಹಿಗಳು ಆಗಿವೆ. ಕಪಾಟಿನಲ್ಲಿವೆ. ಇನ್ನೂ ಕೆಲವರು ಬಾಕಿ ಎಂದು ಹೇಳಿದೆ.

"ಯಾವಾಗ ಆಗಬಹುದು?"

"ನೋಡೋಣ. ಮುಂದಿನ ಶುಕ್ರವಾರ ಒಂದು ಕಳೀಲಿ," ಎಂದೆ.

ಅವಳು ನನ್ನನ್ನೇ ನೋಡಿದಳು. ದೊಡ್ಡಪ್ಪನ ಆಪರೇಷನ್ ಯಾವತ್ತೆಂದು ಅವಳಿಗೂ ಗೊತ್ತು. ಆಮೇಲೆ ಕೈಕಾಲು ತೊಳೆಯಲು ಹೋದಳು.

ಯೋಚಿಸಿದರೆ, ಅವಳ ಹತ್ತಿರವೂ ಇರುವುದು ಅನುಮಾನವೇ ಹೊರತು ರುಜುವಾತಲ್ಲ. ಒಳ್ಳೆಯ ಹುಡುಗಿ, ಆದರೆ ಅನುಭವ ಇನ್ನೂ ಸಾಲದು. ಇಷ್ಟು ದಿನ ತಿರುಗಿದ ಫ್ಯಾನು ಇನ್ನೊಂದು ವಾರ ತಿರುಗದೇ ಹೋಗುತ್ತದೆಯೇ? ಆಸ್ಪತ್ರೆ ನಡೆಸುವುದೂ ಸುಲಭದ ಕೆಲಸವಲ್ಲ. ಹೊರಗೆ ನಿಂತು ಕೂಗುವವರಿಗೆ ಒಳಗಿನ ಕಷ್ಟ ತಿಳಿಯುವುದಿಲ್ಲ.

ಮಾರ್ಚ್ ೧೭, ಸೋಮವಾರ

ನಿನ್ನೆ ತಂಗಿಯ ಮಗಳನ್ನು ಕಂಪನಿಯವರು ಬೇರೆ ಊರಿನ ಕೆಲಸಕ್ಕೆ ಕಳಿಸಿದ್ದಾರೆ, ಬುಧವಾರ ಬರುತ್ತಾಳೆ. ಇವತ್ತು ನಡುಕ ಹೆಚ್ಚಾಗಿ ಕಿಟಕಿಯ ಗಾಜು ಕೂಡ ಗುಂಯ್‌ಗುಟ್ಟತೊಡಗಿತು. ಕೂರಲಾಗಲಿಲ್ಲ. ನಾನೇ ನೋಡೋಣಪ್ಪನ ಆಫೀಸಿಗೆ ಹೋದೆ.

ನನ್ನನ್ನು ಕಂಡೊಡನೆ ಎದ್ದು ನಿಂತ. "ಇವತ್ತು ಏನು ತಂದಿದೀರಿ ಮೇಡಂ?" ಎಂದ.

ಏನೂ ತಂದಿಲ್ಲ ಎಂದೆ. ಕೂತೆ. ಇವರ ವಿಷಯ ಹೇಳಿದೆ. ಅವನು ಚಹಾ ತರಿಸಿದ. ಅವನ ಅತ್ತೆಗೂ ಇದೇ ಸರ್ಜನ್ನರು ಆಪರೇಷನ್ ಮಾಡಿದ್ದರಂತೆ, ಈಗ ಮನೆ ಮಂದಿಯನ್ನೆಲ್ಲ ಬೈಯುವಷ್ಟು ಗಟ್ಟಿಯಾಗಿದ್ದಾರಂತೆ.

"ಶುಕ್ರವಾರದವರೆಗೆ ಅದನ್ನ ಸ್ವಲ್ಪ ನಿಧಾನವಾಗಿ ಓಡಿಸೋಕೆ ಆಗಲ್ವಾ?" ಎಂದು ಕೇಳಿದೆ. "ಕುಂಟೋ ಕುದುರೆನ ಓಡಿಸ್ತಾರಾ? ನಡೆಸ್ತಾರೆ. ತಂಪು ಸ್ವಲ್ಪ ಕಡಿಮೆ ಆಗಬಹುದು, ಆದ್ರೆ ಭಾರಾನೂ ಕಡಿಮೆ ಆಗುತ್ತಲ್ಲ."

"ಇದು ನನಗೆ ಹೊಳೀಲೇ ಇಲ್ಲ ನೋಡಿ," ಎಂದ. ಥಿಯೇಟರಿಗೆ ತಂಪು ಉಳಿಸಿ, ಆಫೀಸುಗಳಿಗೆ ಕಡಿಮೆ ಮಾಡಿದರೆ ಆಗುತ್ತದೆ ಎಂದು ಲೆಕ್ಕ ಹಾಕಿ, ಫೋನಿನಲ್ಲೇ ಮೆಕ್ಯಾನಿಕ್‌ಗೆ ಹೇಳಿದ. ನಾನು ಮನೆಗೆ ಬಂದು ಕಿಟಕಿ ತೆರೆದಾಗ ಸದ್ದು ತಗ್ಗಿತ್ತು.

ಮನುಷ್ಯ ಕೆಟ್ಟವನಲ್ಲ. ಸಮಾಧಾನದಿಂದ ಕೇಳಿದರೆ ಕೆಲಸವಾಗುತ್ತದೆ.

ಮಾರ್ಚ್ ೧೮, ಮಂಗಳವಾರ

ಗಾಜು ಸುಮ್ಮನಿದೆ. ಲೋಟ ಸುಮ್ಮನಿದೆ. ಇವರಿಗೆ ಹೊಟ್ಟೆನೋವು. ಎರಡು ಚಮಚ ಸೂಪು ಕುಡಿದು ಬೇಡವೆಂದರು.

ಮಾರ್ಚ್ ೧೯, ಬುಧವಾರ

ಅವಳು ಬಂದವಳೇ ನೇರ ತಾರಸಿಗೆ ಹೋಗಿದ್ದಾಳೆ. ಅಲ್ಲಿಂದ ಮನೆಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಯಾರು ದೊಡ್ಡಮ್ಮ ನಿಧಾನ ಮಾಡಿಸಿದ್ದು?"

ನಾನು ತರಕಾರಿ ಹೆಚ್ಚುತ್ತಿದ್ದೆ. "ಯಾಕೆ, ಸದ್ದು ಕಡಿಮೆ ಆಗಿದೆಯಲ್ಲ," ಎಂದೆ.

"ಸದ್ದಲ್ಲ ಮುಖ್ಯ! ತೊಟ್ಟಿಲು ತೂಗ್ತೀರಲ್ಲ, ಅದಕ್ಕೆ ತನ್ನದೇ ಒಂದು ತೂಗಾಟದ ಲಯ ಇರುತ್ತೆ ತಾನೆ? ಆ ಲಯಕ್ಕೆ ಸರಿಯಾಗಿ ಬೆರಳಿಂದ ತಳ್ಳಿದ್ರೂ ಎಷ್ಟು ದೂರ ಹೋಗುತ್ತೆ? ಲಯ ತಪ್ಪಿಸಿ ತಳ್ಳಿದ್ರೆ ಜೋರಾಗಿ ತಳ್ಳಿದ್ರೂ ಅಷ್ಟು ಆಡಲ್ಲ. ರೆಕ್ಕೆನೂ ಹಾಗೇ. ಪ್ರತಿ ಸುತ್ತಿಗೂ ಅದು ಕೆಳಗಿನ ಕಬ್ಬಿಣದ ತೊಲೆಗಳ ಮೇಲೆ ಹಾದು ಹೋಗುತ್ತೆ, ಪ್ರತಿ ತೊಲೆ ಹತ್ತಿರಾನೂ ಗಾಳಿ ಅದನ್ನ ಒಂದು ಸಲ ತಳ್ಳುತ್ತೆ. ಗಟ್ಟಿ ರೆಕ್ಕೆಗೆ ಒಂದು ಲಯ. ಬಿರುಕು ಬಿಟ್ಟಿದ್ದು ಮೆತ್ತಗಾಗಿ ಅದರ ಲಯ ಕೆಳಗಿಳಿದಿದೆ. ಪೂರ್ತಿ ವೇಗದಲ್ಲಿದ್ದಾಗ ಗಾಳಿ ತಳ್ಳೋದು ಅದಕ್ಕಿಂತ ಚುರುಕಾಗಿತ್ತು, ಎರಡೂ ಕೂಡ್ತಿರಲಿಲ್ಲ. ನಿಧಾನ ಮಾಡಿ ಎರಡನ್ನೂ ಕೂಡಿಸಿಬಿಟ್ಟಿದಾರೆ. ಆರು ರೆಕ್ಕೆ ಆರಾಮಾಗಿವೆ. ಅದೊಂದು ಮಾತ್ರ ಈಗ ತೊಟ್ಟಿಲಿನ ಹಾಗೆ ತೂಗ್ತಾ ಇರುತ್ತೆ."

"ಮೀಟರು ಇಳಿದಿದೆಯಂತಲ್ಲ?"

"ಮೀಟರು ಕೂರಿಸಿರೋದು ಮೋಟಾರಿನ ಮೈಮೇಲೆ! ರೆಕ್ಕೆ ಮೇಲಲ್ಲ. ವೇಗ ಇಳಿದ್ರೆ ಮೋಟಾರಿನ ನಡುಕ ಇಳಿಯುತ್ತೆ. ಮ್ಯಾನೇಜರಿಗೆ ಇಷ್ಟೂ ಹೇಳ್ದೆ. 'ಮೀಟರು ಇಳಿದಿದೆ, ಸದ್ದು ಇಳಿದಿದೆ, ಇನ್ನು ಕೈ ಹಾಕಲ್ಲ. ಬಿರುಕು ಇದೆ ಅಂತೀರಲ್ಲ, ಕಣ್ಣಿಗೆ ತೋರಿಸಿ, ನಿಲ್ಲಿಸ್ತೀನಿ' ಅಂದ್ರು. ತೋರಿಸ್ತೀನಿ. ನಾಳೆ ದೀಪ ತರಿಸ್ತಾ ಇದೀನಿ."

ಯಾರು ಮಾಡಿಸಿದ್ದು ಎಂದು ಮತ್ತೆ ಕೇಳಲಿಲ್ಲ. ಒಳಗಿನ ಕೋಣೆಯಲ್ಲಿ ಇವರು ಕೆಮ್ಮಿದರು. ನಿದ್ದೆ ಮಾಡುತ್ತಿದ್ದಾರೆಂದು ತಿಳಿದಿದ್ದೆ.

ಹೆಚ್ಚಿದ ತರಕಾರಿಯನ್ನು ಮತ್ತೆ ಹೆಚ್ಚಿ ಪುಡಿ ಮಾಡಿಟ್ಟಿದ್ದೇನೆ.

ಮಾರ್ಚ್ ೨೦, ಗುರುವಾರ

ಬೆಳಿಗ್ಗೆ ಇವರನ್ನು ಸೇರಿಸಿದೆ. ಹಾಸಿಗೆ ಕಿಟಕಿಯ ಪಕ್ಕ. ಇವತ್ತು ನೀರು, ತಿಳಿಯಾದದ್ದು ಬಿಟ್ಟು ಏನೂ ಕೊಡುವಂತಿಲ್ಲ. ಕೈಗೆ ಹೆಸರಿನ ಪಟ್ಟಿ ಸುತ್ತಿದರು. "ಬಟ್ಟೆಗೆ ಚೀಟಿ ಹಾಕಿದ ಹಾಗೆ ಹಾಕಿದಾರೆ. ನಾಳೆ ಡೆಲಿವರಿ," ಎಂದು ನರ್ಸಿಗೆ ಹೇಳಿ ನಗಿಸಿದರು. ಆಮೇಲೆ ನನಗೊಬ್ಬಳಿಗೆ ಕೇಳುವಂತೆ, "ಆ ಫ್ಯಾನಿನ ವಿಷಯ ಹುಡುಗಿಗೆ ಹೇಳಿದ್ಯಾ?" ಎಂದರು.

"ಯಾವ ವಿಷಯ?"

ಇವರು ಕಿಟಕಿಯ ಕಡೆ ತಿರುಗಿದರು. ಕಿಟಕಿಯ ಕೆಳಗೆ ಔಷಧಿಯ ಸಾಲು ಓಣಿಯ ತಿರುವಿನವರೆಗೂ ಬೆಳೆದಿದೆ. ಒಬ್ಬಳು ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ಗೋಡೆಗೊರಗಿ ಕೂತಿದ್ದಾಳೆ. ಅಲ್ಲಿ ನೆರಳಿದೆ, ಅದಕ್ಕೇ.

ನಾಳೆ ಈ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ನಾಳೆ ಒಂದು ದಿನ.

ಮಾರ್ಚ್ ೨೧, ಶುಕ್ರವಾರ

ಬೆಳಗಿನಿಂದ ಸಂಘದವರ ಫೋನು. "ಗೆದ್ದುಬಿಟ್ರಿ ಮೇಡಂ!" ಎಂದರು ಕೆಳಮನೆಯವರು. ಪತ್ರಿಕೆಯವರೊಬ್ಬರು ಮಾತಾಡಬೇಕಂತೆ. ಫೋನಿನ ಸದ್ದಡಗಿಸಿ ಚೀಲದೊಳಗೆ ಹಾಕಿದೆ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆಯದನ್ನು ಬರೆದಿಡಬೇಕು.

ನಿನ್ನೆ ಸಂಜೆ ಇವರಿಗೆ ನಿದ್ದೆ ಹತ್ತಿದ ಮೇಲೆ, ಬೆಳಗಿನಿಂದ ಏನೂ ತಿನ್ನದೆ ತಾರಸಿಯ ಮೇಲಿದ್ದ ಹುಡುಗಿಗೆ ಬ್ರೆಡ್ಡು ಕಟ್ಟಿಸಿಕೊಂಡು ಹೋದೆ. ಲಿಫ್ಟಿನಿಂದಾಚೆ ಕಬ್ಬಿಣದ ಏಣಿ. ಆ ಫ್ಯಾನಿನ ಬಗ್ಗೆ ಇಷ್ಟೆಲ್ಲ ಬರೆದಿದ್ದೇನೆ, ಒಂದು ಸಲವೂ ಮೇಲೆ ಹತ್ತಿ ನೋಡಿರಲಿಲ್ಲ. ಗಾಳಿ ಸೀರೆಯನ್ನು ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ಬಳೆಯ ಪಕ್ಕದಲ್ಲಿ ಒಂದು ಕಿಂಡಿ, ಅದರ ಮುಂದೆ ಅವಳು ಮಂಡಿಯೂರಿ ಕೂತಿದ್ದಳು. ಕೈಯಲ್ಲಿ ಪಟಪಟನೆ ಮಿನುಗುವ ದೀಪ. ಒಂದು ತೋಳು ಚಾಚಿದರೆ ಆ ರೆಕ್ಕೆಗಳು ಸಿಗುತ್ತಿದ್ದವು.

"ಅಷ್ಟು ಹತ್ತಿರ ಯಾಕೆ ಕೂತಿದೀಯೆ?" ಎಂದು ಕೂಗಿದೆ.

"ಇಲ್ಲಿಂದ ಮಾತ್ರ ಬುಡ ಕಾಣೋದು ದೊಡ್ಡಮ್ಮ! ಬನ್ನಿ, ನನ್ನ ಹಿಂದೆ ನಿಂತ್ಕೊಳ್ಳಿ!"

ದೀಪದ ಮಿಣುಕು ಫ್ಯಾನಿನ ಸುತ್ತಿಗೆ ಹೆಚ್ಚುಕಡಿಮೆ ಹೊಂದಿಕೊಂಡಿತ್ತು. ಸುತ್ತಲೂ ಸುಂಟರಗಾಳಿ, ಆದರೆ ದೀಪದ ಬೆಳಕಿನಲ್ಲಿ ಮಾತ್ರ ರೆಕ್ಕೆಗಳು ನಿದ್ದೆಯಲ್ಲಿ ತಿರುಗಿದಂತೆ ಮೆಲ್ಲಮೆಲ್ಲಗೆ ಸರಿಯುತ್ತಿದ್ದವು. ಒಂದು ಬಂತು, ನೆಟ್ಟಗೆ. ಇನ್ನೊಂದು, ನೆಟ್ಟಗೆ. ಮೂರನೆಯದು ಬಂದಾಗ ಅದರ ತುದಿ ಒಂದು ಗೇಣು ಮೇಲೆದ್ದು ಒಂದು ಗೇಣು ಕೆಳಗಿಳಿಯಿತು. ಬುಡದಲ್ಲಿ, ಬೋಲ್ಟುಗಳ ಪಕ್ಕದಲ್ಲಿ, ಕಪ್ಪು ಗೆರೆಯೊಂದು ಅಗಲವಾಯಿತು, ಕೂಡಿಕೊಂಡಿತು, ಮತ್ತೆ ಅಗಲವಾಯಿತು. ಉಸಿರಾಡುತ್ತಿರುವ ಹಾಗೆ. ಅಗಲವಾದಾಗ ಅದರಾಚೆಯ ಬೆಳಕು ಕಾಣಿಸಿತು.

ಹುಡುಗಿ ದೀಪ ಇಳಿಸಿ ಫೋನು ತೆಗೆದಳು. ಮ್ಯಾನೇಜರು ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಗೋಡೆಯ ಮೇಲೆ ಫ್ಯಾನು ನಿಲ್ಲಿಸುವ ಅಂಗೈಯಗಲದ ಕೆಂಪು ಗುಂಡಿ ಇತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಹೊರಗಿನ ಕಂಪನಿಯವರು ಇದನ್ನ ಮುಟ್ಟೋ ಹಾಗಿಲ್ಲ," ಎಂದಳು. ಗುಂಡಿಯಿಂದ ಹಿಂದೆ ಸರಿದಳು. "ಅದಲ್ಲ ದೊಡ್ಡಮ್ಮ. ದೊಡ್ಡಪ್ಪ ಕೆಳಗೆ... ನನ್ನ ಕೈಲಿ ಆಗಲ್ಲ. ನೀವು ಕೆಳಗೆ ಹೋಗಿ. ನೀವು ನೋಡಲೇ ಇಲ್ಲ ಅಂದ್ಕೊಳ್ಳಿ. ನಾನು ಇಲ್ಲೇ ಇರ್ತೀನಿ, ಅವರು ಸಿಗೋವರೆಗೂ ಮಾಡ್ತಾನೇ ಇರ್ತೀನಿ."

ಅಲ್ಲೇ ಇರುತ್ತಾಳಂತೆ. ಆ ಕಿಂಡಿಯ ಪಕ್ಕದಲ್ಲಿ.

ನಾನು ಒತ್ತಿದೆ.

ತಕ್ಷಣ ನಿಲ್ಲಲಿಲ್ಲ. ಗಾಳಿ ಮೊದಲು ಸತ್ತಿತು. ರೆಕ್ಕೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣತೊಡಗಿ, ಕೊನೆಗೆ ಒಮ್ಮೆ ಹಿಂದಕ್ಕೆ ತೂಗಿ ನಿಂತವು. ಓಣಿಯಿಂದ ಜನರ ಮಾತು ಕೇಳಿಸಿತು. ಅಷ್ಟು ಹೊತ್ತು ಅದು ಕೇಳಿಸುತ್ತಿರಲಿಲ್ಲವೆಂದು ಆಗ ತಿಳಿಯಿತು.

ಮ್ಯಾನೇಜರು ಏಣಿ ಹತ್ತಿ ಓಡಿಬಂದರು. ಆಪರೇಷನ್ ವಿಭಾಗದ ಸಭೆಯಲ್ಲಿದ್ದರಂತೆ. ಅವರ ಕಣ್ಣೆದುರೇ ಹುಡುಗಿ ಸುತ್ತಿಗೆಯಿಂದ ತಟ್ಟಿದಳು. ಆರು ರೆಕ್ಕೆಗಳು ಢಣ್ ಎಂದವು. ಅದೊಂದು ಒದ್ದೆ ಹಲಗೆಯಂತೆ ದಪ್ಪ್ ಎಂದಿತು. ಅವರು ಕೈ ಹಾಕಿ ತುದಿಯನ್ನು ಒತ್ತಿ ನೋಡಿ, ಕೈ ತೆಗೆದು, ಏಣಿಯ ಮೆಟ್ಟಿಲಿನ ಮೇಲೆ ಕೂತುಬಿಟ್ಟರು.

ಆಸ್ಪತ್ರೆಯ ಮುಖ್ಯಸ್ಥರು, ಸರ್ಜನ್ನರು ಎಲ್ಲ ಸೇರಿದರು. ನಿಧಾನ ಓಡಿಸಲು ಹೇಳಿದವರು ಯಾರು ಎಂದು ಮುಖ್ಯಸ್ಥರು ಕೇಳಿದರು.

"ಹೇಳಿದ್ದು ನಾನು," ಎಂದೆ.

"ಹೇಳಿದ ಹಾಗೆ ಕೇಳಿದ್ದು ನಾನು," ಎಂದರು ಮ್ಯಾನೇಜರು.

ಹುಡುಗಿ ತನ್ನ ದೀಪದ ವೈರು ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ, ಸುತ್ತುವುದನ್ನೂ ನಿಲ್ಲಿಸಲಿಲ್ಲ. ಕೆಳಗೆ ಇಳಿಯುವಾಗ ಏಣಿಯಲ್ಲಿ ನನ್ನ ಕಾಲು ಎಲ್ಲಿಡಬೇಕೆಂದು ಒಂದೊಂದೇ ಮೆಟ್ಟಿಲು ತೋರಿಸಿದಳು.

ಇವತ್ತಿನ ಆಪರೇಷನ್‌ಗಳೆಲ್ಲ ರದ್ದು. ಸರ್ಜನ್ನರು ಮಧ್ಯಾಹ್ನವೇ ಹೊರಡಬೇಕು. ಅವರ ಪರಿಚಯದ ಇನ್ನೊಂದು ಆಸ್ಪತ್ರೆಗೆ ಇವರನ್ನು ಕಳಿಸಬಹುದೇ ಎಂದು ಫೋನು ಮಾಡುತ್ತಿದ್ದಾರೆ. ಜಾಗ ಇದೆಯೋ ಇಲ್ಲವೋ ಅವರಿಗೂ ಗೊತ್ತಿಲ್ಲ. "ಅಷ್ಟರಲ್ಲಿ ಕರುಳು ಪೂರ್ತಿ ಮುಚ್ಚಿದ್ರೆ?" ಎಂದು ಕೇಳಿದೆ. ಹೊಟ್ಟೆ ಉಬ್ಬಿದರೆ, ವಾಂತಿಯಾದರೆ, ಒಂದು ನಿಮಿಷವೂ ತಡಮಾಡದೆ ಹೇಳಬೇಕು ಎಂದರು. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಇನ್ನೊಮ್ಮೆ ಕೇಳಲಿಲ್ಲ.

ಇವರಿಗೆ ಬೆಳಿಗ್ಗೆ ಹೇಳಿದೆ. ಕಿಟಕಿಗಳನ್ನೆಲ್ಲ ತೆರೆದಿದ್ದರು, ವಾರ್ಡು ಬಿಸಿಯಾಗಿತ್ತು, ಇವರು ಅಂಗಿಯ ಗುಂಡಿ ಬಿಚ್ಚಿ ಕೂತಿದ್ದರು. ಮಾತನ್ನು ಎಲ್ಲಿಂದ ಶುರುಮಾಡಬೇಕೆಂದು ರಾತ್ರಿಯೆಲ್ಲ ಯೋಚಿಸಿದ್ದೆ. ಒಂದೂ ನೆನಪಾಗಲಿಲ್ಲ.

"ಇವತ್ತು ಆಪರೇಷನ್ ಇಲ್ಲ ರೀ. ಫ್ಯಾನು ನಿಂತಿದೆ. ನಾನೇ ನಿಲ್ಲಿಸಿದೆ."

ಇವರು ಕಿಟಕಿಯ ಕಡೆ ನೋಡಿದರು. ಕೆಳಗೆ ಸಾಲು ಆಗಲೇ ಶುರುವಾಗಿತ್ತು.

"ಹುಡುಗಿ ಎಲ್ಲಿ?"

"ಮನೇಲಿ ಮಲಗಿದಾಳೆ."

"ಪೆಟ್ಟಾಗಿಲ್ಲ ತಾನೆ?"

"ಇಲ್ಲ."

"ಮತ್ತೆ ಯಾವತ್ತಂತೆ ನನ್ನದು?"

"ಗೊತ್ತಿಲ್ಲ."

ಕೈ ಚಾಚಿದರು. ಕೊಟ್ಟೆ. ಬಟ್ಟೆಯ ದಪ್ಪ ನೋಡುವವರ ಹಾಗೆ ನನ್ನ ಅಂಗೈಯನ್ನು ಎರಡು ಬೆರಳಿನ ನಡುವೆ ಹಿಡಿದು ಕೂತರು.

"ಹಾಗಾದ್ರೆ ಇವತ್ತು ನನಗೆ ತಿನ್ನೋಕೆ ಏನಾದ್ರೂ ಕೊಡ್ತಾರಾ, ಕೇಳು ಹೋಗು," ಎಂದರು. "ನಿನ್ನೆಯಿಂದ ಬರೀ ನೀರು ಕಣೇ."

ಕೇಳಲು ಎದ್ದೆ. ಇವರು ಕೈ ಬಿಡಲಿಲ್ಲ.